ಪಾತ್ರೆ ಹಿಡಿದುಕೊಂಡು ಇಕ್ಕಳ ಕೊಳ್ಳಲು ಹೋದೆ

ಮಂಗಳೂರು ಹತ್ತಿರದ ಬೈಕಂಪಾಡಿಯ ಒಂದು ವರ್ಕ್‌ಶಾಪ್‌ನಲ್ಲಿ ನಾನು 31 ವರ್ಷ ಫಿಟ್ಟರ್ ಆಗಿದ್ದೆ. ಅಷ್ಟೂ ವರ್ಷ ಕೈಯಲ್ಲಿ ಒಂದಲ್ಲ ಒಂದು ಬಗೆಯ ಇಕ್ಕಳ ಇದ್ದೇ ಇತ್ತು. ಆದರೆ ಮನೆಯ ಅಡುಗೆ ಇಕ್ಕಳವನ್ನು ಕಣ್ಣಿಟ್ಟು ನೋಡಿದ್ದು ಕೈ ಸುಟ್ಟುಕೊಂಡ ಮೇಲೆಯೇ.

ನಾನು ರಿಟೈರ್ ಆದ ಮರುವರ್ಷ ಹೆಂಡತಿಗೆ ಬಲಗೈ ಮಣಿಕಟ್ಟಿನ ನೋವು ಶುರುವಾಯಿತು. ಬೆರಳು ಜೋಮು ಹಿಡಿಯುತ್ತಿತ್ತು. ರಾತ್ರಿ ಎದ್ದು ಕೂತು ಕೈ ಕೊಡವುತ್ತಿದ್ದಳು. ಭಾರ ಎತ್ತಬೇಡಿ, ಏನನ್ನೂ ಬಿಗಿಯಾಗಿ ಹಿಂಡಬೇಡಿ ಅಂದರು ಡಾಕ್ಟರು. ಹಾಗೆ ಬೆಳಗಿನ ಹಾಲು, ಚಾ, ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ ನನ್ನ ಪಾಲಿಗೆ ಬಂತು. ಸಾಂಬಾರು, ಪಲ್ಯ ಮಾತ್ರ ಇನ್ನೂ ಅವಳದ್ದೇ. ನನ್ನ ಕೈರುಚಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ ಇಲ್ಲ.

ಜೂನ್ ತಿಂಗಳು. ಮಳೆ ಹಿಡಿದು ಒಂದು ವಾರ ಆಗಿತ್ತು. ಒಂದೂವರೆ ಲೀಟರ್ ಹಾಲು ಕಾಯಿಸಿ, ಇಕ್ಕಳದಲ್ಲಿ ಹಿಡಿದು ಒಲೆಯಿಂದ ಇಳಿಸುತ್ತಿದ್ದೆ. ಕೈಯಿಂದ ಇಕ್ಕಳ ಜಾರಲಿಲ್ಲ. ಇಕ್ಕಳದಿಂದ ಪಾತ್ರೆಯೂ ಜಾರಲಿಲ್ಲ. ಹಿಡಿದಲ್ಲೇ ಪಾತ್ರೆ ವಾಲಿತು. ಆಚೆ ಬದಿ ಕೆಳಗೆ ಹೋಯಿತು, ಹಾಲು ಕಟ್ಟೆಯ ಮೇಲೆ ಚೆಲ್ಲಿತು. ಗಾಬರಿಯಲ್ಲಿ ಎಡಗೈ ಕೊಟ್ಟು ತಡೆಯಲು ಹೋದೆ. ಒಂದು ಲೋಟದಷ್ಟು ಕುದಿ ಹಾಲು ಅಂಗೈಯ ಹಿಂಬದಿಗೆ.

ಹೆಂಡತಿ ಟೂತ್‌ಪೇಸ್ಟ್ ಹಿಡಿದುಕೊಂಡು ಓಡಿ ಬಂದಳು. ಬೇಡ ಅಂದೆ. ವರ್ಕ್‌ಶಾಪ್‌ನಲ್ಲಿ ಕಲಿಸಿದ್ದು ನೆನಪಿತ್ತು. ಉಂಗುರ ತೆಗೆದು ಕೈಯನ್ನು ನಲ್ಲಿ ಕೆಳಗೆ ಹಿಡಿದೆ. ಹರಿಯುವ ತಣ್ಣೀರು, ಪೂರಾ 20 ನಿಮಿಷ. ಐಸ್ ಬೇಡ, ಬೆಣ್ಣೆ ಬೇಡ, ಪೇಸ್ಟ್ ಬೇಡ. ಇಪ್ಪತ್ತು ನಿಮಿಷ ನಲ್ಲಿ ಎದುರು ನಿಲ್ಲುವುದು ಹೇಳಿದಷ್ಟು ಸುಲಭ ಅಲ್ಲ, ಐದು ನಿಮಿಷಕ್ಕೇ ಸಾಕು ಅನಿಸುತ್ತದೆ. ಎರಡು ಸಣ್ಣ ಗುಳ್ಳೆ ಎದ್ದವು, ಒಡೆಯದೆ ಬಿಟ್ಟೆ. ಡಾಕ್ಟರಿಗೆ ತೋರಿಸಿದೆ. ಹತ್ತು ದಿನದಲ್ಲಿ ವಾಸಿಯಾಯಿತು.

ಆ ಹತ್ತು ದಿನ ಮಾಡಲು ಬೇರೆ ಕೆಲಸ ಇರಲಿಲ್ಲ. ಇಕ್ಕಳವನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ.

ಮೊದಲು ರಿವೆಟ್ ನೋಡಿದೆ, ಅಂದರೆ ಎರಡು ಹಿಡಿಗಳನ್ನು ಜೋಡಿಸುವ ಮೊಳೆ. ಒಂದು ಹಿಡಿಯನ್ನು ಹಿಡಿದು ಇನ್ನೊಂದನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಟಕ ಟಕ ಸದ್ದು. ಹನ್ನೆರಡು ವರ್ಷ ಹಳೆಯದು, ಸವೆದಿತ್ತು. ತುಟಿಗಳು ಒಂದಕ್ಕೊಂದು ಸರಿಯಾಗಿ ಕೂರುತ್ತಿರಲಿಲ್ಲ. ತುಟಿ ಅಂತ ನಾನು ಹೇಳುವುದು ಪಾತ್ರೆಯನ್ನು ಕಚ್ಚುವ ಎರಡು ತುದಿಗಳಿಗೆ. ಒಂದು ಪಾತ್ರೆಯ ಒಳಗೆ ಹೋಗುತ್ತದೆ, ಇನ್ನೊಂದು ಹೊರಗೆ. ಪೇಪರಿನ ಒಂದು ಪಟ್ಟಿ ಕತ್ತರಿಸಿ ತುಟಿಗಳ ನಡುವೆ ಹಿಡಿದು ಎಳೆದೆ. ಎಡಬದಿಯಲ್ಲಿ ಬಿಗಿ, ಬಲಬದಿಯಲ್ಲಿ ಸುಮ್ನೆ ಜಾರಿ ಬಂತು. ಅಂದರೆ ಅಷ್ಟು ದಿನ ಪಾತ್ರೆಯನ್ನು ಹಿಡಿದಿದ್ದು ಅರ್ಧ ತುಟಿ ಮಾತ್ರ.

ಆದರೆ ಹನ್ನೆರಡು ವರ್ಷ ಇದೇ ಇಕ್ಕಳ ಕೆಲಸ ಮಾಡಿತ್ತಲ್ಲ? ಆ ದಿನವೇ ಯಾಕೆ ವಾಲಿತು? ಇದಕ್ಕೆ ಉತ್ತರ ಸಿಕ್ಕಿದ್ದು ಪಾತ್ರೆಯಲ್ಲಿ. ಹಾಲಿನ ಪಾತ್ರೆ ಹೊಸತು, ಮಗಳ ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು. ಹಳೆಯ ಪಾತ್ರೆಗೆ ಚಪ್ಪಟೆ ಅಂಚು. ಹೊಸತಕ್ಕೆ ತಗಡನ್ನು ಹೊರಗೆ ಸುತ್ತಿ ಮಡಚಿದ ಉರುಟು ಅಂಚು. ನೋಡಲು ಚಂದ, ಕೈಗೆ ತಾಗುವುದಿಲ್ಲ. ಆದರೆ ಆ ಅಂಚು ಒಂದು ಸಣ್ಣ ಪೈಪಿನ ಹಾಗೆ. ಗಿಡ್ಡ ತುಟಿಯ ಇಕ್ಕಳ ಆ ಪೈಪನ್ನು ಮಾತ್ರ ಕಚ್ಚುತ್ತದೆ, ಅದರ ಕೆಳಗಿನ ಗೋಡೆಯನ್ನು ಮುಟ್ಟುವುದೇ ಇಲ್ಲ. ಪೈಪನ್ನು ಎರಡು ಪಟ್ಟಿಯ ನಡುವೆ ಹಿಡಿದರೆ ಏನಾಗುತ್ತದೆ ಅಂತ ಯಾವ ಫಿಟ್ಟರನ್ನು ಕೇಳಿದರೂ ಹೇಳುತ್ತಾನೆ. ತಿರುಗುತ್ತದೆ. ಬಾಗಿಲಿನ ತಿರುಗಣೆಯ ಹಾಗೆ. ಪಾತ್ರೆ ಖಾಲಿ ಇರುವಾಗ ಗೊತ್ತಾಗುವುದಿಲ್ಲ. ಎರಡು ಕಿಲೋ ಭಾರ ಬಂದಾಗ ಆಚೆ ಬದಿ ಕುಸಿಯುತ್ತದೆ.

ಅಲ್ಲಿಗೆ ನನಗೆ ಒಂದು ವಿಷಯ ಖಾತ್ರಿಯಾಯಿತು. ಬರೀ ಇಕ್ಕಳ ನೋಡಿ ಇಕ್ಕಳ ಕೊಳ್ಳಲು ಆಗುವುದಿಲ್ಲ. ಅದರ ಬಾಯಿಗೆ ಯಾವ ಅಂಚು ಬರುತ್ತದೆ ಅಂತ ನೋಡಬೇಕು.

ಹಾಗಾಗಿ ಹಾಲಿನ ಪಾತ್ರೆಯನ್ನೇ ಬಟ್ಟೆಚೀಲಕ್ಕೆ ಹಾಕಿಕೊಂಡು ಸುರತ್ಕಲ್‌ನಲ್ಲಿ ಮಂಗಳೂರು ಪೇಟೆಯ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ ಹತ್ತಿದೆ. "ಎಂತ ಮಾರಾಯ್ರೆ, ಜನ ಎಂತ ಹೇಳಿಯಾರು?" ಅಂದಳು ಹೆಂಡತಿ. ಜನ ಏನೂ ಹೇಳಲಿಲ್ಲ. ರಥಬೀದಿ ಕಡೆಯ ಪಾತ್ರೆ ಅಂಗಡಿಯವರು ಮಾತ್ರ ಕೇಳಿದರು, "ರಿಪೇರಿಗಾ ಅಣ್ಣ? ನಾವು ರಿಪೇರಿ ಮಾಡುವುದಿಲ್ಲ."

ಇಕ್ಕಳ ಬೇಕು ಅಂದೆ. ಒಂದು ಗೊಂಚಲು ತಂದು ಎದುರು ಸುರಿದರು. ನಮ್ಮಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಇಕ್ಕಳ ಅಂದರೂ ಕೊಡುತ್ತಾರೆ, ಪಕ್ಕಡ್ ಅಂದರೂ ಕೊಡುತ್ತಾರೆ. ಚಿಮಟ ಅಂದರೆ ಮಾತ್ರ ಹಪ್ಪಳ, ಚಪಾತಿ ತಿರುಗಿಸುವ ಉದ್ದದ ಪಟ್ಟಿಯದ್ದು ಬರುತ್ತದೆ.

ಒಂದೊಂದನ್ನೇ ಪಾತ್ರೆಗೆ ಕಚ್ಚಿಸಿ ನೋಡಿದೆ. ಅರ್ಧದಷ್ಟು ಅಲ್ಲೇ ಬಿದ್ದುಹೋದವು. ಕೆಲವು ತುಟಿ ತೀರಾ ಗಿಡ್ಡ. ಕೆಲವಕ್ಕೆ ತುಟಿ ಉದ್ದ ಇದ್ದರೂ ಉರುಟು ಅಂಚು ಕೂರಲು ಜಾಗ ಇಲ್ಲ, ತುದಿ ಮಾತ್ರ ತಾಗಿ ನಡುವೆ ಬೆಳಕು ಕಾಣುತ್ತಿತ್ತು. ನಾನು ಹುಡುಕುತ್ತಿದ್ದದ್ದು ತುಟಿಯ ಬುಡದಲ್ಲಿ ಸಣ್ಣ ಗುಳಿ ಇರುವಂಥದ್ದು. ಅಂಚು ಆ ಗುಳಿಯೊಳಗೆ ಕೂರಬೇಕು, ತುಟಿ ಅಲ್ಲಿಂದ ಕೆಳಗೆ ಒಂದು ಇಂಚಾದರೂ ಪಾತ್ರೆಯ ಗೋಡೆಗೆ ಒರಗಬೇಕು. ಅಗಲವೂ ಬೇಕು. ಅರ್ಧ ಇಂಚು ಅಗಲದ ತುಟಿ ಉರುಟು ಪಾತ್ರೆಯ ಮೇಲೆ ಎಡಕ್ಕೆ ಬಲಕ್ಕೆ ತೂಗುತ್ತದೆ. ಒಂದು ಇಂಚು ಇದ್ದರೆ ಒಳಗಿನ ತುಟಿಯ ಎರಡು ಬದಿ, ಹೊರಗಿನ ತುಟಿಯ ನಡು, ಹೀಗೆ ಮೂರು ಕಡೆ ಹಿಡಿತ ಸಿಗುತ್ತದೆ.

ಉಳಿದದ್ದು ನಾಲ್ಕು. "ಸ್ವಲ್ಪ ನೀರು ಸಿಗ್ತದಾ?" ಅಂತ ಕೇಳಿದೆ. ಅಂಗಡಿಯವರ ಮುಖ ನೋಡಬೇಕಿತ್ತು. "ನೆಲ ಒದ್ದೆ ಆಗ್ತದೆ ಅಣ್ಣ." ಹೊರಗೆ ಮೆಟ್ಟಿಲ ಮೇಲೆ ನೋಡುತ್ತೇನೆ ಅಂದೆ. ನನ್ನ ಬಳಿ ಎರಡು ಲೀಟರಿನ ಬಾಟಲಿಯೂ ಇತ್ತು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಲೆಕ್ಕ ಸುಲಭ. ಪಾತ್ರೆ ಸೇರಿ ಎರಡೂವರೆ ಕಿಲೋ ಹತ್ತಿರ ಆಗುತ್ತಿತ್ತು. ತಣ್ಣೀರಲ್ಲಿ ಪರೀಕ್ಷೆ ಮಾಡುವುದಕ್ಕೆ ನಾಚಿಕೆ ಯಾಕೆ, ಬಿಸಿ ಹಾಲಲ್ಲಿ ಒಮ್ಮೆ ಮಾಡಿ ಆಗಿದೆಯಲ್ಲ.

ಒಂದು ಇಕ್ಕಳ ಎತ್ತಿದ ಕೂಡಲೇ ಹಿಡಿಯೇ ಬಾಗಿತು. ತಗಡು ತೆಳು. ಇನ್ನೊಂದರಲ್ಲಿ ಬಿಗಿ ಹಿಡಿದಾಗ ಎರಡು ಹಿಡಿಗಳ ತುದಿ ಒಂದಕ್ಕೊಂದು ತಾಗಿ ಅಂಗೈಯ ಚರ್ಮ ಸಿಕ್ಕಿಕೊಂಡಿತು. ಇದು ಎಲ್ಲರೂ ಮರೆಯುವ ವಿಷಯ. ಪಾತ್ರೆಯನ್ನು ಕಚ್ಚಿದ ಸ್ಥಿತಿಯಲ್ಲಿ ಹಿಡಿಗಳ ನಡುವೆ ಎರಡು ಬೆರಳಿನ ಜಾಗ ಇರಬೇಕು. ಪೂರ್ತಿ ಮುಚ್ಚಿಕೊಂಡರೆ ಇನ್ನೂ ಬಿಗಿ ಮಾಡಲು ಏನೂ ಉಳಿಯುವುದಿಲ್ಲ. ತೀರಾ ಅಗಲ ಇದ್ದರೆ ಸಣ್ಣ ಕೈಯವರಿಗೆ ಹಿಡಿಯಲೇ ಆಗುವುದಿಲ್ಲ.

ನಾಲ್ಕನೆಯದು ನಿಂತಿತು. ಪಾತ್ರೆ ಅಲುಗಲಿಲ್ಲ. ಅಷ್ಟು ಹೊತ್ತಿಗೆ ಅಂಗಡಿಯವರಿಗೂ ಆಸಕ್ತಿ ಬಂದಿತ್ತು. ಅವರೇ ಒಳಗಿನಿಂದ ಇನ್ನೆರಡು ತಂದು, "ಇದರಲ್ಲಿ ನೋಡಿ, ಇದು ಹೋಗ್ತದೆ ಅಂತ ನನಗೆ ಮೊದಲೇ ಗೊತ್ತುಂಟು" ಅಂದರು. ಗೊತ್ತಿದ್ದೂ ಮಾರುತ್ತಿದ್ದರಲ್ಲ ಅಂತ ನಾನು ಕೇಳಲಿಲ್ಲ. ನನ್ನ ಆಯ್ಕೆಗೆ 180 ರೂಪಾಯಿ ಆಯಿತು. ಗೊಂಚಲಿನಲ್ಲಿ 70 ರೂಪಾಯಿಯದ್ದೂ ಇತ್ತು.

ಇನ್ನು ಹಿಡಿಯ ಉದ್ದ. ಉದ್ದ ಇದ್ದಷ್ಟು ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ರಿವೆಟ್‌ನಿಂದ ತುಟಿಗೆ 5 ಸೆಂಟಿಮೀಟರ್, ಕೈಗೆ 15 ಸೆಂಟಿಮೀಟರ್ ಇದ್ದರೆ ನಾವು ಹಾಕಿದ ಬಲದ ಮೂರು ಪಟ್ಟು ತುಟಿಯಲ್ಲಿ ಬರುತ್ತದೆ. ಹಿಂಡುವ ಶ್ರಮ ಕಡಿಮೆ ಆಗುತ್ತದೆ, ಸರಿ. ಆದರೆ ಪಾತ್ರೆಯ ಭಾರ ಎಲ್ಲಿ ಹೋಗುತ್ತದೆ? ಅದು ಕೈಯಿಂದ ಇನ್ನೂ ದೂರ ಹೋಗುತ್ತದೆ. ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಇಕ್ಕಳದಲ್ಲಿ ಪಾತ್ರೆಯನ್ನು ಒಂದೇ ಬದಿಯಿಂದ ಎತ್ತುತ್ತೇವಾದ್ದರಿಂದ ಆ ವಾಲುವ ಭಾರ ಪೂರಾ ಮಣಿಕಟ್ಟಿಗೇ ಬರುತ್ತದೆ. ನನ್ನ ಹೆಂಡತಿಯಂಥವರಿಗೆ ಎಷ್ಟು ಒಳ್ಳೆಯ ಇಕ್ಕಳ ತಂದುಕೊಟ್ಟರೂ ಅದು ಕೈಗೆ ಶಿಕ್ಷೆಯೇ. ಅವಳಿಗೆ ಎರಡು ಕಿವಿ ಇರುವ ಸಣ್ಣ ಪಾತ್ರೆ ಮತ್ತು ಎರಡು ದಪ್ಪ ಮಸಿಬಟ್ಟೆ ಮಾಡಿಕೊಟ್ಟೆ. ಒಣ ಬಟ್ಟೆ. ಒದ್ದೆ ಬಟ್ಟೆಯಲ್ಲಿ ಶಾಖ ಥಟ್ಟನೆ ಕೈಗೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯಲ್ಲಿ ಒಣ ಬಟ್ಟೆ ಹುಡುಕುವುದೇ ದೊಡ್ಡ ಸಾಹಸ, ಅದು ಬೇರೆ ಮಾತು.

ನನಗೆ ನಾನೇ ಹಾಕಿಕೊಂಡ ಮಿತಿ ಎರಡು ಕಿಲೋ, ಪಾತ್ರೆ ಸೇರಿ. ಅದಕ್ಕಿಂತ ಜಾಸ್ತಿ ಆದರೆ ಇಕ್ಕಳ ಮುಟ್ಟುವುದಿಲ್ಲ. ಹಾಲನ್ನೂ ಈಗ ಎರಡು ಸಲಕ್ಕೆ ಕಾಯಿಸುತ್ತೇನೆ. ಕುಚ್ಚಲಕ್ಕಿ ಅನ್ನದ ಪಾತ್ರೆಯಂತೂ ನೀರು, ಅಕ್ಕಿ ಸೇರಿ ಐದು ಕಿಲೋ ಮೇಲೆ. ನನ್ನ ಅಮ್ಮ ಅದಕ್ಕೆ ಮುಚ್ಚಳ ಒತ್ತಿ, ಬಟ್ಟೆಯಲ್ಲಿ ಹಿಡಿದು, ಬಗ್ಗಿಸಿ ತೆಳಿ (ಗಂಜಿನೀರು) ಬಸಿಯುತ್ತಿದ್ದರು. ಹಾಗೆ ಬಸಿಯುವಾಗ ಆವಿ ನೇರ ಕೈಗೆ ಹೊಡೆಯುತ್ತದೆ. ಆವಿ ಚರ್ಮದ ಮೇಲೆ ನೀರಾಗುವಾಗ ತನ್ನೊಳಗಿನ ಶಾಖವನ್ನೆಲ್ಲ ಅಲ್ಲೇ ಬಿಟ್ಟುಹೋಗುತ್ತದೆ, ಅದಕ್ಕೇ ಬಿಸಿನೀರಿಗಿಂತ ಆವಿಯ ಸುಟ್ಟಗಾಯ ಕೆಟ್ಟದ್ದು. ನಾನು ಪಾತ್ರೆ ಎತ್ತುವುದೇ ಇಲ್ಲ. ಒಲೆಯ ಮೇಲಿರುವಾಗಲೇ ತೂತಿನ ಸೌಟಿನಲ್ಲಿ ಅನ್ನ ತೆಗೆದು ಜಾಲರಿ ಪಾತ್ರೆಗೆ ಹಾಕುತ್ತೇನೆ. ಕೊನೆಗೆ ಉಳಿದ ತೆಳಿಯನ್ನು ತಣಿದ ಮೇಲೆ ಇಳಿಸಿದರಾಯಿತು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಪಾತ್ರೆಯನ್ನು ಕಂಠಮಟ್ಟ ತುಂಬಿಸುವುದನ್ನೂ ಬಿಟ್ಟೆ. ಒಳಗಿನ ತುಟಿ ಒಂದು ಇಂಚು ಕೆಳಗೆ ಇಳಿಯುತ್ತದಲ್ಲ, ಹಾಲು ಅಲ್ಲಿಯವರೆಗೆ ಇದ್ದರೆ ತುಟಿ ಹಾಲಿನಲ್ಲಿ ಮುಳುಗುತ್ತದೆ. ಬೆಳಿಗ್ಗೆ ಮೀನು ಸಾರಿನ ಪಾತ್ರೆ ಹಿಡಿದ ಇಕ್ಕಳ ಸಂಜೆ ಹಾಲಿಗೆ ಅದ್ದಿದರೆ ಹಾಲು ಒಡೆಯುವುದರಲ್ಲಿ ಆಶ್ಚರ್ಯ ಏನು? ಇದು ಹೆಂಡತಿ ಕಂಡುಹಿಡಿದದ್ದು, ನಾನಲ್ಲ.

ಸ್ಟೀಲ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮಿಸಿ. ನಮ್ಮ ಮನೆಯಿಂದ ಕಡಲು ಒಂದು ಕಿಲೋಮೀಟರ್. ಉಪ್ಪಿನ ಗಾಳಿಗೆ ಗೇಟು, ಗ್ರಿಲ್, ಸೈಕಲ್ ಯಾವುದೂ ಉಳಿಯುವುದಿಲ್ಲ. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಅಂತ ಅಲ್ಲ. 304 ಅನ್ನುವ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಅಡುಗೆಗೆ ಅದು ಒಳ್ಳೆಯದು. 200ರ ಸಾಲಿನ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಅಗ್ಗ, ಹೊಳಪೂ ಇರುತ್ತದೆ, ಆದರೆ ಉಪ್ಪುಗಾಳಿಗೆ ಬೇಗ ಚುಕ್ಕಿ ಬೀಳುತ್ತದೆ. ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆಯ ಸ್ಟೀಲ್ ಅಂತ ಹಲವರು ಹೇಳುತ್ತಾರೆ. ಅದನ್ನು ನಂಬಬೇಡಿ. ಸಾಮಾನ್ಯವಾಗಿ 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ. ಅಂಟಿದರೆ ಅದು 430 ಆಗಿರಬಹುದು, ನಿಕ್ಕಲ್ ಇಲ್ಲದ್ದು ಅಂತ ಅಂದಾಜು ಮಾಡಬಹುದು ಅಷ್ಟೇ. ಇಕ್ಕಳದ ಮೇಲೆ ಸಂಖ್ಯೆ ಒತ್ತಿದ್ದರೆ ನೋಡಿ. ಇಲ್ಲದಿದ್ದರೆ ರಿವೆಟ್ ನೋಡಿ. ಮೊದಲು ಕೊಂಡ ಒಂದು ಇಕ್ಕಳದಲ್ಲಿ ಮೈಯೆಲ್ಲ ಫಳಫಳ, ರಿವೆಟ್ ಮಾತ್ರ ಸಾದಾ ಕಬ್ಬಿಣ. ಮಳೆಗಾಲದ ಆಟಿ ತಿಂಗಳು ಮುಗಿಯುವ ಮೊದಲೇ ಕೆಂಪು ನೀರು ಇಳಿಯಿತು.

ಅಲ್ಯೂಮಿನಿಯಂ ಇಕ್ಕಳ ಹಗುರ. ಆದರೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಮೀರಿ ಶಾಖ ಒಯ್ಯುತ್ತದೆ. ಬಾಣಲೆಯ ಅಂಚಿನಲ್ಲಿ ಎರಡು ನಿಮಿಷ ಇಟ್ಟರೆ ಹಿಡಿಯನ್ನು ಮುಟ್ಟಲು ಆಗುವುದಿಲ್ಲ. ಹಿಡಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ತೊಡಿಸಿದ್ದೂ ಬರುತ್ತದೆ. ಅಂಥದ್ದೊಂದನ್ನು ಪಕ್ಕದ ಬರ್ನರ್ ಉರಿಯುತ್ತಿರುವುದು ಗಮನಿಸದೆ ಒಲೆಯ ಮೇಲೆ ಬಿಟ್ಟಿದ್ದೆ. ಪ್ಲಾಸ್ಟಿಕ್ ಕರಗಿ ವಾಸನೆ ಮನೆಯೆಲ್ಲ. ಅದಿರಲಿ, ಕೈ ಒದ್ದೆ ಇದ್ದಾಗ ಆ ತೊಡಿಕೆಯೇ ಹಿಡಿಯಿಂದ ಸರಿಯುತ್ತದೆ, ಅದು ಇನ್ನೂ ಅಪಾಯ.

ಕುಕ್ಕರ್ ಒಳಗಿನ ಡಬ್ಬಗಳನ್ನು ಎತ್ತುವುದಕ್ಕೆ ಈ 180 ರೂಪಾಯಿಯ ಇಕ್ಕಳ ಆಗಲಿಲ್ಲ. ಡಬ್ಬಕ್ಕೂ ಕುಕ್ಕರ್ ಗೋಡೆಗೂ ನಡುವೆ ಬೆರಳು ಹೋಗುವಷ್ಟೂ ಜಾಗ ಇರುವುದಿಲ್ಲ. ಅದಕ್ಕೆ ತೆಳು ತುಟಿಯ ಬೇರೆಯೇ ಇಕ್ಕಳ ಬೇಕಾಯಿತು. ಅದನ್ನು ಕೊಳ್ಳಲು ಕುಕ್ಕರನ್ನೇ ಹೊತ್ತುಕೊಂಡು ಹೋಗುವ ಧೈರ್ಯ ಬರಲಿಲ್ಲ. ಜಾಗ ಅಳೆದು, ರಟ್ಟಿನ ತುಂಡು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡು ಹೋದೆ.

ಬೆಂಗಳೂರಿನಲ್ಲಿರುವ ಮಗಳು ಸಿಲಿಕೋನ್ ತುದಿಯ ಸ್ಪ್ರಿಂಗ್ ಚಿಮಟ ಕಳಿಸಿದಳು. "ಅಪ್ಪ, ನಾನ್‌ಸ್ಟಿಕ್ ಕಾವಲಿಗೆ ಸ್ಟೀಲ್ ಹಾಕಬೇಡಿ, ಗೀರು ಬೀಳ್ತದೆ" ಅಂತ. ಸರಿಯೇ. ಹನ್ನೆರಡು ಇಂಚು ಉದ್ದದ್ದು, ಎಣ್ಣೆ ಸಿಡಿಯುವಾಗ ಕೈ ದೂರ ಇರುತ್ತದೆ. ಕೋಳಿ ತುಂಡು ತಿರುಗಿಸಲು ಬಹಳ ಒಳ್ಳೆಯದು. ಬಂಗುಡೆಗೆ ಮಾತ್ರ ಪ್ರಯೋಜನ ಇಲ್ಲ. ಚಿಮಟದಲ್ಲಿ ಹಿಂಡಿದರೆ ಬಂಗುಡೆಯ ಹೊಟ್ಟೆ ಭಾಗ ಒಡೆಯುತ್ತದೆ, ರವೆ ಉದುರುತ್ತದೆ. ಅಡಿಯಿಂದ ಸಟ್ಟುಗ ಕೊಟ್ಟು, ಮೇಲಿಂದ ಚಿಮಟ ಸುಮ್ನೆ ತಾಗಿಸಿ ಮಗುಚಬೇಕು. ಹಸಿ ಮೀನು, ಹಸಿ ಕೋಳಿ ಮುಟ್ಟಿದ ಚಿಮಟವನ್ನು ತೊಳೆಯದೆ ಬೆಂದದ್ದಕ್ಕೆ ಹಾಕುವುದಿಲ್ಲ. ಕಪ್ಪು ನೈಲಾನಿನದ್ದು ಮನೆಯಲ್ಲಿ ಒಂದಿತ್ತು, ತುದಿ ಕರಗಿ ವಕ್ರ ಆಗಿತ್ತು. 70 ಡಿಗ್ರಿಗಿಂತ ಬಿಸಿ ಇರುವ ಆಹಾರದಲ್ಲಿ ನೈಲಾನ್ ಸಾಮಾನನ್ನು ಆದಷ್ಟು ಕಡಿಮೆ ಹೊತ್ತು ಇಡಿ ಅಂತ ಜರ್ಮನಿಯ ಬಿಎಫ್‌ಆರ್ ಅನ್ನುವ ಸರ್ಕಾರಿ ಸಂಸ್ಥೆಯ ಸಲಹೆ ಇದೆ. ಕಾಯಿಸುವ ಎಣ್ಣೆ 170, 180 ಡಿಗ್ರಿ ಇರುತ್ತದೆ. ಬಿಸಾಡಿದೆ.

ಈಗ ಎಲ್ಲ ಇಕ್ಕಳಗಳ ಆರೈಕೆ ನನ್ನದೇ. ರಿವೆಟ್ ಸಂದಿಗೆ ಹಳೆ ಬ್ರಷ್, ಆಮೇಲೆ ಒರಸಿ ಒಣಗಿಸಿ ಒಂದೇ ಒಂದು ಹನಿ ತೆಂಗಿನೆಣ್ಣೆ. ಜಾಸ್ತಿ ಹಾಕಿದರೆ ಅಂಟು ಕಟ್ಟುತ್ತದೆ. ಸಡಿಲ ಆದರೆ ರಿವೆಟನ್ನು ಗಟ್ಟಿ ಕಬ್ಬಿಣದ ಮೇಲೆ ಇಟ್ಟು ಸುತ್ತಿಗೆಯ ಉರುಟು ತಲೆಯಿಂದ ಎರಡು ಪೆಟ್ಟು, ಮೆಲ್ಲಗೆ. ಒಂದು ಹಿಡಿಯನ್ನು ಎತ್ತಿ ಹಿಡಿದಾಗ ಇನ್ನೊಂದು ತನ್ನ ಭಾರಕ್ಕೆ ನಿಧಾನವಾಗಿ ಇಳಿಯಬೇಕು, ದಡ್ ಅಂತ ಬೀಳಬಾರದು. ಬೀಳದೆ ನಿಂತೇ ಹೋದರೆ ಪೆಟ್ಟು ಜಾಸ್ತಿ ಆಯಿತು ಅಂತ ಲೆಕ್ಕ. ತುಟಿಯೇ ಸವೆದಿದ್ದರೆ ರಿಪೇರಿ ಬೇಡ.

ಹಳೆಯ ಇಕ್ಕಳವನ್ನು ಹೆಂಡತಿ ಎಸೆಯಲು ಬಿಡಲಿಲ್ಲ. ಪಾತ್ರೆಗೆ ಆಗದಿದ್ದರೂ ಗುಳ್ಳ ಸುಡಲು ಬೇಕು ಅಂತ ತೆಗೆದಿಟ್ಟಿದ್ದಾಳೆ. ಮಟ್ಟು ಗುಳ್ಳ ಗೊತ್ತಲ್ಲ, ಕಟಪಾಡಿ ಹತ್ತಿರದ ಮಟ್ಟು ಊರಿನ ಬದನೆ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದ್ದು. ಅದರ ತೊಟ್ಟು ಹಿಡಿದು ಉರಿಯ ಮೇಲೆ ತಿರುಗಿಸಿ ಸುಡಲು ಅರ್ಧ ತುಟಿಯ ಹಿಡಿತ ಸಾಕು. ಭಾರವೂ ಇಲ್ಲ, ಚೆಲ್ಲುವುದಕ್ಕೂ ಏನಿಲ್ಲ.

ಮೊನ್ನೆ ಅಷ್ಟಮಿಗೆ ಮೂಡೆ, ಅಂದರೆ ಓಲೆಯ ಕೊಟ್ಟೆಯಲ್ಲಿ ಮಾಡುವ ಕಡುಬು, ಬೇಯಿಸಿದ್ದೆವು. ತೊಂದುರಿನಿಂದ (ಹಬೆಯಲ್ಲಿ ಬೇಯಿಸುವ ಪಾತ್ರೆಯಿಂದ) ಮೂಡೆ ತೆಗೆಯಲು ನಾನು ಹೊಸ ಇಕ್ಕಳ, ಉದ್ದದ ಚಿಮಟ ಎರಡನ್ನೂ ಹಿಡಿದುಕೊಂಡು ನಿಂತಿದ್ದೆ. ಇಕ್ಕಳದಲ್ಲಿ ಹಿಡಿದ ಮೊದಲ ಮೂಡೆಯ ಓಲೆ ಬಿಚ್ಚಿಕೊಂಡಿತು. ಚಿಮಟದಲ್ಲಿ ಹಿಡಿದದ್ದು ನಡುವೆ ಮುರಿಯಿತು. "ಸಾಕು ಮಾರಾಯ್ರೆ, ಆಚೆ ನಿಲ್ಲಿ" ಅಂದಳು ಅವಳು. ಗ್ಯಾಸ್ ಆರಿಸಿ, ಮುಚ್ಚಳವನ್ನು ತನ್ನಿಂದ ಆಚೆಗೆ ಓರೆ ಮಾಡಿ ಆವಿ ಹೋಗಲು ಬಿಟ್ಟಳು. ಐದು ನಿಮಿಷ ಕಾದಳು. ಆಮೇಲೆ ಬೆರಳನ್ನು ತಣ್ಣೀರಲ್ಲಿ ಅದ್ದಿ ಅದ್ದಿ, ನೋವಿಲ್ಲದ ಎಡಗೈಯಲ್ಲಿ ಒಂದೊಂದೇ ಮೂಡೆಯ ತುದಿ ಹಿಡಿದು ಎತ್ತಿ ಗೆರಸೆಗೆ ಹಾಕಿದಳು.